ಬೀದಿಗೊಂದು ಮುಖ, ಹಿತ್ತಿಲಿಗೊಂದು ಮುಖ: ವಿಕ್ಟೋರಿಯಾ ಕಾಲದ ಸಾಲುಮನೆಯನ್ನು ಓದುವ ಬಗೆ

ಲಂಡನ್ನಿನ ಬೇಸ್‌ವಾಟರ್ ಪ್ರದೇಶದ ಲೆನ್‌ಸ್ಟರ್ ಗಾರ್ಡನ್ಸ್ ಎಂಬ ಬೀದಿಯಲ್ಲಿ 23 ಮತ್ತು 24ನೆಯ ಸಂಖ್ಯೆಯ ಮನೆಗಳು ನಡೆದುಹೋಗುವವರ ಕಣ್ಣಿಗೆ ಅಕ್ಕಪಕ್ಕದ ಮನೆಗಳಂತೆಯೇ ಕಾಣುತ್ತವೆ. ಅದೇ ಬಿಳಿಯ ಗಿಲಾವು, ಬಾಗಿಲ ಮುಂದೆ ಅದೇ ಕಂಬಗಳು, ಮೇಲಂತಸ್ತಿನಲ್ಲಿ ಅದೇ ಕಟಾಂಜನ. ಹತ್ತಿರ ಹೋದಾಗ ಮಾತ್ರ ಕಿಟಕಿಗಳಲ್ಲಿ ಗಾಜೇ ಇಲ್ಲ, ಗಾಜಿನ ಜಾಗಕ್ಕೆ ಬಣ್ಣ ಬಳಿಯಲಾಗಿದೆ, ಬಾಗಿಲಿನಲ್ಲಿ ಟಪಾಲು ಹಾಕುವ ಸೀಳು ಕೂಡ ಇಲ್ಲ ಎಂಬುದು ಗೊತ್ತಾಗುತ್ತದೆ. ಆ ಗೋಡೆಯ ಹಿಂದೆ ಮನೆಯಿಲ್ಲ. ಆಳವಾದ ಹೊಂಡದಲ್ಲಿ ರೈಲುಹಳಿ ಇದೆ. 1860ರ ದಶಕದಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಕಂಪನಿಯು ನೆಲದಡಿಯ ಮಾರ್ಗವನ್ನು ಈ ಕಡೆಗೆ ವಿಸ್ತರಿಸಿದಾಗ, ಸುರಂಗದೊಳಗೆ ಓಡುವ ಉಗಿಬಂಡಿಗಳು ಹೊಗೆ ಬಿಡುವುದಕ್ಕೆ ಅಲ್ಲಲ್ಲಿ ಆಕಾಶಕ್ಕೆ ತೆರೆದ ಜಾಗ ಬೇಕಾಯಿತು. ಅದಕ್ಕಾಗಿ ಎರಡು ಮನೆಗಳನ್ನು ಕೆಡವಿದರು. ಆದರೆ ಸಾಲು ಮುರಿದರೆ ಬೀದಿಯ ಮಾನ ಹೋಗುತ್ತದೆಂದು, ಕೆಡವಿದ ಜಾಗದಲ್ಲಿ ಮುಂಗೋಡೆಯನ್ನು ಮಾತ್ರ ಮೊದಲಿನಂತೆಯೇ ಕಟ್ಟಿ ನಿಲ್ಲಿಸಿದರು. 1868ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ಇಂದಿಗೂ ರೈಲು ಓಡುತ್ತಿದೆ, ಗೋಡೆಯೂ ನಿಂತಿದೆ.

ಇದು ಕೇವಲ ಒಂದು ಸೋಜಿಗವಲ್ಲ. ಇಂಗ್ಲಿಷರು ಟೆರೇಸ್ ಎಂದು ಕರೆಯುವ ಈ ಸಾಲುಮನೆಗಳ ಸ್ವಭಾವವೇ ಇಲ್ಲಿ ಬೆತ್ತಲಾಗಿದೆ. ಬೀದಿಗೆ ತೋರುವ ಮುಖ ಇಡೀ ಸಾಲಿಗೆ ಸೇರಿದ್ದು. ಅದರ ಹಿಂದಿನದು ಮಾತ್ರ ಒಂದೊಂದು ಮನೆಗೆ ಸೇರಿದ್ದು. ಹಾಗೆಯೇ, ಈ ಮನೆಗಳ ಆಕಾರವನ್ನು ತೀರ್ಮಾನಿಸಿದವರಲ್ಲಿ ವಾಸ್ತುಶಿಲ್ಪಿಗಳ ಪಾಲು ಬಹಳ ಕಡಿಮೆ. ಜಮೀನಿನ ಗುತ್ತಿಗೆ ಪತ್ರ, ಸರ್ಕಾರದ ತೆರಿಗೆ, ನಗರಸಭೆಯ ಬೈಲಾ ಮತ್ತು ರೈಲಿನ ಸರಕು ಸಾಗಣೆ ದರ ಇವು ನಾಲ್ಕೂ ಸೇರಿ ಆ ಕೆಲಸ ಮಾಡಿದವು. ಇವನ್ನು ತಿಳಿದುಕೊಂಡು ನೋಡಿದರೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬೇಸರ ಹುಟ್ಟಿಸುವ ಇಟ್ಟಿಗೆಯ ಸಾಲಿನಲ್ಲಿ ಓದಲು ಬಹಳಷ್ಟು ಸಿಗುತ್ತದೆ.

ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಆದರೆ ಸಾಲುಮನೆ ಅವಳ ಕಾಲದ ಆವಿಷ್ಕಾರವಲ್ಲ. 1666ರ ಮಹಾ ಅಗ್ನಿದುರಂತದಲ್ಲಿ ಮರದ ಲಂಡನ್ ಸುಟ್ಟು ಬೂದಿಯಾದ ಮೇಲೆ, ಹೊಸ ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲಿಯೇ ಕಟ್ಟಬೇಕೆಂಬ ಕಾಯ್ದೆ ಬಂತು. ಅದೇ ಶತಮಾನದ ಕೊನೆಯ ಭಾಗದಲ್ಲಿ ನಿಕೊಲಸ್ ಬಾರ್ಬನ್ ಎಂಬ ಚತುರ ವ್ಯವಹಾರಸ್ಥ, ಕೊಳ್ಳುವವರು ಯಾರೆಂದು ಗೊತ್ತಾಗುವ ಮೊದಲೇ ಮನೆಗಳನ್ನು ಸಾಲಾಗಿ ಕಟ್ಟಿ ಮಾರುವ ಪದ್ಧತಿಯನ್ನು ಲಂಡನ್ನಿನಲ್ಲಿ ಬೇರೂರಿಸಿದ. 18ನೆಯ ಶತಮಾನದ ಆರಂಭದ ಕಾಯ್ದೆಗಳು ಬೆಂಕಿ ಹರಡದಂತೆ ಮರದ ಸೂರಂಚನ್ನು ನಿಷೇಧಿಸಿದವು. ಹಾಗಾಗಿ ಇಳಿಜಾರು ಚಾವಣಿಯನ್ನು ಮರೆಮಾಡುವ ಇಟ್ಟಿಗೆಯ ಪ್ಯಾರಾಪೆಟ್ ಗೋಡೆ ಮೇಲೆದ್ದಿತು. 1774ರ ಕಟ್ಟಡ ಕಾಯ್ದೆ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಪ್ರತಿ ದರ್ಜೆಗೂ ಗೋಡೆಯ ದಪ್ಪವನ್ನು ನಿಗದಿಪಡಿಸಿತು, ಕಿಟಕಿಯ ಮರದ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಹುದುಗಿಸಬೇಕೆಂದೂ ಹೇಳಿತು. ವಿಕ್ಟೋರಿಯಾ ಕಾಲದ ಬಿಲ್ಡರ್‌ಗಳಿಗೆ ಸಿಕ್ಕಿದ್ದು ಹೀಗೆ ಆಗಲೇ ಹದಗೊಂಡಿದ್ದ ಒಂದು ಮಾದರಿ. ಅವರು ಮಾಡಿದ್ದು ಅದನ್ನು ಅಳತೆ ಮೀರಿ ಹೆಚ್ಚಿಸುವ ಕೆಲಸ. 1801ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ 1901ರ ಹೊತ್ತಿಗೆ ಅರವತ್ತೈದು ಲಕ್ಷದ ಆಸುಪಾಸಿಗೆ ಏರಿತ್ತು.

ಇಷ್ಟು ಮನೆಗಳನ್ನು ಕಟ್ಟಲು ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಈ ವಿಷಯದ ತಿರುಳು. ನಗರದ ಅಂಚಿನ ಹೊಲಗದ್ದೆಗಳು ಬೆಡ್‌ಫರ್ಡ್, ಗ್ರೋವ್ನರ್, ಪೋರ್ಟ್‌ಮನ್‌ನಂಥ ಶ್ರೀಮಂತ ಮನೆತನಗಳ ಕೈಯಲ್ಲಿದ್ದವು. ಅವರು ಜಮೀನನ್ನು ಮಾರುತ್ತಿರಲಿಲ್ಲ. ಸಾಮಾನ್ಯವಾಗಿ 99 ವರ್ಷಗಳಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದ ಬಿಲ್ಡರ್ ತನ್ನ ಖರ್ಚಿನಲ್ಲಿ ಮನೆ ಕಟ್ಟಬೇಕು, ವರ್ಷವರ್ಷವೂ ನೆಲಬಾಡಿಗೆ ತೆರಬೇಕು. ಅವಧಿ ಮುಗಿದಾಗ ನೆಲದ ಜೊತೆಗೆ ಮನೆಯೂ ಜಮೀನುದಾರನ ವಂಶಕ್ಕೆ ಮರಳುತ್ತದೆ, ಬಿಡಿಗಾಸಿನ ಪರಿಹಾರವೂ ಇಲ್ಲ. ಬಿಲ್ಡರ್‌ಗಳ ಪೈಕಿ ಹೆಚ್ಚಿನವರು ಬಡಗಿಗಳೋ ಗಾರೆ ಮೇಸ್ತ್ರಿಗಳೋ ಆಗಿದ್ದ ಸಣ್ಣ ಆಸಾಮಿಗಳು. ಅವರ ಕೈಯಲ್ಲಿ ಬಂಡವಾಳವಿರಲಿಲ್ಲ. ಆದ್ದರಿಂದ ಮೊದಲ ಒಂದೆರಡು ವರ್ಷ ಹೆಸರಿಗಷ್ಟೇ ನೆಲಬಾಡಿಗೆ ತೆತ್ತರೆ ಸಾಕೆಂಬ ವಿನಾಯಿತಿ ಇರುತ್ತಿತ್ತು. ಆ ಅವಧಿಯೊಳಗೆ ಗೋಡೆ, ನೆಲ, ಚಾವಣಿ ಎಬ್ಬಿಸಿ, ಆ ಬರಿಯ ಗೂಡನ್ನೇ ಅಡವಿಟ್ಟು ವಕೀಲರಿಂದಲೋ ಬಿಲ್ಡಿಂಗ್ ಸೊಸೈಟಿಯಿಂದಲೋ ಸಾಲವೆತ್ತಿ, ಒಳಗಿನ ಕೆಲಸ ಮುಗಿಸಿ, ಗುತ್ತಿಗೆಯ ಹಕ್ಕನ್ನು ಇನ್ನೊಬ್ಬರಿಗೆ ಮಾರಿ, ಬಂದ ಹಣದಲ್ಲಿ ಮುಂದಿನ ನಾಲ್ಕು ಮನೆಗಳಿಗೆ ಕೈಹಾಕುವುದು ಅವರ ವ್ಯಾಪಾರದ ವರಸೆ. ಕೊಳ್ಳುತ್ತಿದ್ದವರು ಬಹುಮಟ್ಟಿಗೆ ಅಲ್ಲಿ ವಾಸಿಸುವವರಲ್ಲ. ಉಳಿತಾಯದ ಹಣವನ್ನು ಭದ್ರವಾಗಿ ತೊಡಗಿಸಬೇಕೆಂದಿದ್ದ ಅಂಗಡಿಕಾರರು, ವಿಧವೆಯರು, ನಿವೃತ್ತರು. ವಾಸಿಸುವವರು ಅವರ ಬಾಡಿಗೆದಾರರು. ವಿಕ್ಟೋರಿಯಾ ಕಾಲದಲ್ಲಿ ಶ್ರೀಮಂತರಾದಿಯಾಗಿ ಬಹುಪಾಲು ಜನ ಬಾಡಿಗೆ ಮನೆಯಲ್ಲಿಯೇ ಇದ್ದರು, ಅದನ್ನು ಯಾರೂ ಕೀಳೆಂದು ಭಾವಿಸುತ್ತಿರಲಿಲ್ಲ.

ಈ ಲೆಕ್ಕಾಚಾರದ ಗುರುತು ಗೋಡೆಯ ಮೇಲೆಯೇ ಇದೆ. ಉದ್ದನೆಯ ಸಾಲೊಂದನ್ನು ನಿಧಾನವಾಗಿ ನೋಡುತ್ತ ಹೋದರೆ ನಾಲ್ಕೋ ಆರೋ ಮನೆಗಳಿಗೊಮ್ಮೆ ಇಟ್ಟಿಗೆಯ ಬಣ್ಣ ಕೊಂಚ ಬದಲಾಗುತ್ತದೆ, ಕಿಟಕಿಯ ಮೇಲಿನ ಕಲ್ಲಿನ ಅಲಂಕಾರ ಬೇರೆಯಾಗುತ್ತದೆ, ಚಾವಣಿಯ ಅಂಚು ಒಂದೆರಡು ಅಂಗುಲ ಮೇಲೋ ಕೆಳಗೋ ಸರಿಯುತ್ತದೆ. ಅಲ್ಲಿಗೆ ಒಬ್ಬನ ಹಣ ಮುಗಿದು ಇನ್ನೊಬ್ಬ ಕೈಹಾಕಿದ್ದಾನೆ ಎಂದು ತಿಳಿಯಬಹುದು. ನಡುವೆ ದಿವಾಳಿಯಾದವರು ಕಡಿಮೆಯೇನಲ್ಲ. ಇದಕ್ಕೆ ದೊಡ್ಡ ಅಪವಾದ ಥಾಮಸ್ ಕ್ಯೂಬಿಟ್. ಬಡಗಿಯಾಗಿ ಬದುಕು ಆರಂಭಿಸಿದ ಈತ ಎಲ್ಲ ಕಸುಬಿನವರನ್ನೂ ಕಾಯಂ ಸಂಬಳದ ಮೇಲೆ ಒಂದೇ ಸಂಸ್ಥೆಯಡಿ ಇಟ್ಟುಕೊಂಡು, ಬೆಲ್‌ಗ್ರೇವಿಯಾ ಮತ್ತು ಪಿಮ್ಲಿಕೊದ ಬೀದಿಬೀದಿಗಳನ್ನೇ ಕಟ್ಟಿದ. ಆತನ ಸಾಲುಗಳಲ್ಲಿ ಮೇಲೆ ಹೇಳಿದ ಹೊಲಿಗೆಗಳು ಅಷ್ಟಾಗಿ ಕಾಣುವುದಿಲ್ಲ.

ಮುಂಗೋಡೆಯ ಇಟ್ಟಿಗೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಸಾಮಾನ್ಯ ಮನೆಯ ಗೋಡೆ ಒಂಬತ್ತು ಅಂಗುಲ ದಪ್ಪ, ಅಂದರೆ ಒಂದು ಇಟ್ಟಿಗೆಯ ಉದ್ದ. ದೊಡ್ಡ ಮನೆಗಳಲ್ಲಿ ಕೆಳ ಅಂತಸ್ತುಗಳ ಗೋಡೆ ಅದಕ್ಕಿಂತ ದಪ್ಪ. ಫ್ಲೆಮಿಶ್ ಕಟ್ಟಿನಲ್ಲಿ ಪ್ರತಿ ವರಸೆಯಲ್ಲಿಯೂ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ ಇರುತ್ತದೆ. ಅಡ್ಡ ಇಟ್ಟ ಇಟ್ಟಿಗೆಯ ತಲೆ ಮಾತ್ರ ಹೊರಗೆ ಕಾಣುತ್ತದೆ, ಅದರ ಒಡಲು ಗೋಡೆಯ ಒಳಕ್ಕೆ ಹೋಗಿ ಹೊರಪದರವನ್ನೂ ಒಳಪದರವನ್ನೂ ಬಿಗಿಯುತ್ತದೆ. ಆದರೆ ಮುಖಕ್ಕೆ ಬಳಸುವ ಒಳ್ಳೆಯ ಇಟ್ಟಿಗೆ ದುಬಾರಿ, ಒಳಗಿನ ಅರೆಬೆಂದ ಇಟ್ಟಿಗೆ ಅಗ್ಗ. ಹಾಗಾಗಿ ಕೆಲವರು ಒಳ್ಳೆಯ ಇಟ್ಟಿಗೆಯನ್ನು ಎರಡು ತುಂಡು ಮಾಡಿ, ಎರಡು ಕಡೆ ತಲೆಯಂತೆ ತೋರಿಸಿ, ಒಂದರ ಬೆಲೆಯಲ್ಲಿ ಎರಡರ ಕೆಲಸ ಮುಗಿಸಿಕೊಂಡರು. ಹೊರಗಿನಿಂದ ಕಟ್ಟು ಅಚ್ಚುಕಟ್ಟು. ಒಳಗೆ ಮಾತ್ರ ಎರಡು ಪದರಗಳಿಗೆ ಸಂಬಂಧವೇ ಇಲ್ಲ. ನೂರು ನೂರೈವತ್ತು ವರ್ಷಗಳ ಮೇಲೆ ಹೊರಪದರ ಹೊಟ್ಟೆ ಉಬ್ಬಿಸಿಕೊಂಡು ಬೀದಿಯ ಕಡೆ ಬಾಗಿದಾಗ, ದುರಸ್ತಿಗೆ ಬಂದ ಎಂಜಿನಿಯರ್‌ಗಳಿಗೆ ಈ ಹಳೆಯ ಕೈಚಳಕ ಪತ್ತೆಯಾಗುವುದುಂಟು. 99 ವರ್ಷ ನಿಂತರೆ ಸಾಕು ಎಂದು ಕಟ್ಟಿದವನನ್ನು ಈಗ ದೂರಿ ಪ್ರಯೋಜನವಿಲ್ಲ. ಅವನು ಒಪ್ಪಿಕೊಂಡದ್ದೇ ಅಷ್ಟು ಅವಧಿಗೆ.

ಇಂಥ ಮನೆಗಳು ಇಷ್ಟು ಕಾಲ ನಿಂತಿರುವುದಕ್ಕೆ ಮುಖ್ಯ ಕಾರಣ ನಡುಗೋಡೆ. ಎರಡು ಮನೆಗಳು ಹಂಚಿಕೊಳ್ಳುವ ಈ ಗೋಡೆ, ನಮ್ಮ ಹಳೆಯ ವಠಾರಗಳಲ್ಲಿರುವಂತೆ, ಇಬ್ಬರಿಗೂ ಸೇರಿದ್ದು. ಬೆಂಕಿ ದಾಟದಂತೆ ಲಂಡನ್ನಿನಲ್ಲಿ ಅದನ್ನು ಚಾವಣಿಗಿಂತ ಮೇಲಕ್ಕೆ ಎತ್ತಿ ಕಟ್ಟಬೇಕಿತ್ತು. ಒಲೆಗೂಡುಗಳೆಲ್ಲ ಈ ಗೋಡೆಗೆ ಬೆನ್ನುಕೊಟ್ಟಿರುತ್ತವೆ, ಪ್ರತಿ ಕೋಣೆಯ ಹೊಗೆಗೂ ಪ್ರತ್ಯೇಕ ಕೊಳವೆ ಇರುತ್ತದೆ. ಚಾವಣಿಯ ಮೇಲಿನ ಮಣ್ಣಿನ ಚಿಮಣಿ ಕುಡಿಕೆಗಳನ್ನು ಎಣಿಸಿದರೆ ಕೆಳಗೆ ಎಷ್ಟು ಕೋಣೆಗಳಲ್ಲಿ ಒಲೆಯಿತ್ತು ಎಂಬುದು ತಿಳಿಯುತ್ತದೆ. ಅಕ್ಕಪಕ್ಕದ ಮನೆಗಳ ನಕ್ಷೆಯನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಕಟ್ಟಿದಾಗ ಎರಡು ಮನೆಗಳ ಚಿಮಣಿಗಳು ಒಂದೇ ಕಂಬದಲ್ಲಿ ಸೇರುತ್ತವೆ, ಎರಡರ ಚರಂಡಿಗಳೂ ಒಟ್ಟಿಗೆ ಹರಿಯುತ್ತವೆ, ಖರ್ಚು ಉಳಿಯುತ್ತದೆ. ಬಾಗಿಲುಗಳು ಜೋಡಿಜೋಡಿಯಾಗಿ ಕಾಣುವುದರ ಗುಟ್ಟು ಇದೇ. ಸಾಲಿನಲ್ಲಿ ಒಂದು ಮನೆಯನ್ನು ಕೆಡವಿದರೆ ಉಳಿದವು ಒರಗಲು ಆಸರೆಯಿಲ್ಲದೆ ವಾಲತೊಡಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬಿದ್ದ ಬೀದಿಗಳಲ್ಲಿ ಉಳಿದ ಗೋಡೆಗಳಿಗೆ ಓರೆಯಾಗಿ ಭಾರಿ ಮರದ ಊರುಗೋಲುಗಳನ್ನು ಕೊಟ್ಟು ನಿಲ್ಲಿಸಬೇಕಾಗಿ ಬಂದದ್ದು ಇದಕ್ಕಾಗಿ. ನಡುಗೋಡೆಯ ಮೇಲೆ ಕೈಹಾಕುವ ಮುನ್ನ ನೆರೆಯವರಿಗೆ ಲಿಖಿತ ತಿಳಿವಳಿಕೆ ಕೊಡಬೇಕೆಂದು ಇಂಗ್ಲೆಂಡಿನಲ್ಲಿ 1996ರ ಕಾಯ್ದೆಯೇ ಇದೆ.

ಇನ್ನು ತೆರಿಗೆಯ ವಿಷಯ. 1696ರಿಂದ ಕಿಟಕಿಗಳ ಮೇಲೆ, 18ನೆಯ ಶತಮಾನದ ನಡುವಿನಿಂದ ಗಾಜಿನ ಮೇಲೆ, 1784ರಿಂದ ಇಟ್ಟಿಗೆಯ ಮೇಲೆ ತೆರಿಗೆ ಇತ್ತು. ವಿಕ್ಟೋರಿಯಾ ಆಳ್ವಿಕೆಯ ಆರೇ ವರ್ಷಗಳ ಅಂತರದಲ್ಲಿ ಮೂರೂ ಹೋದವು: ಗಾಜಿನದು 1845ರಲ್ಲಿ, ಇಟ್ಟಿಗೆಯದು 1850ರಲ್ಲಿ, ಕಿಟಕಿಯದು 1851ರಲ್ಲಿ. ಹಳೆಯ ಮನೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿ ಕಂಡ ಕೂಡಲೇ ತೆರಿಗೆ ತಪ್ಪಿಸಲು ಮುಚ್ಚಿದರೆಂದು ಪ್ರವಾಸಿ ಮಾರ್ಗದರ್ಶಿಗಳು ಹೇಳುತ್ತಾರೆ. ಎಲ್ಲ ಕಡೆಯೂ ಅದು ನಿಜವಲ್ಲ. ಮುಂಗೋಡೆಯ ಸಮತೋಲ ಕೆಡದಿರಲೆಂದು, ಒಳಗೆ ಚಿಮಣಿ ಅಡ್ಡ ಬರುವಲ್ಲಿ ಆರಂಭದಿಂದಲೇ ಕುರುಡು ಕಿಟಕಿ ಕಟ್ಟುತ್ತಿದ್ದರು. 1825ರಿಂದ ಎಂಟಕ್ಕಿಂತ ಕಡಿಮೆ ಕಿಟಕಿಗಳ ಮನೆಗೆ ಆ ತೆರಿಗೆ ಇರಲಿಲ್ಲವಾದ್ದರಿಂದ ಕೂಲಿಕಾರರ ಮನೆಯ ಕತ್ತಲೆಗೆ ಅದನ್ನು ನೇರವಾಗಿ ಹೊಣೆ ಮಾಡಲಾಗದು.

ಗಾಜಿನ ತೆರಿಗೆ ಹೋದದ್ದು ಮಾತ್ರ ಮನೆಯ ಮುಖವನ್ನೇ ಬದಲಿಸಿತು. ಇಂಗ್ಲಿಷ್ ಮನೆಯ ಸ್ಯಾಶ್ ಕಿಟಕಿಯಲ್ಲಿ ಒಂದರ ಮುಂದೊಂದು ಮೇಲೆ ಕೆಳಗೆ ಜಾರುವ ಎರಡು ಚೌಕಟ್ಟುಗಳಿರುತ್ತವೆ. ಪಕ್ಕದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ ಕಬ್ಬಿಣದ ಗುಂಡುಗಳು, ರಾಟೆಯ ಮೂಲಕ, ಚೌಕಟ್ಟಿನ ಭಾರವನ್ನು ಸರಿದೂಗಿಸುತ್ತವೆ. ಆದ್ದರಿಂದ ಎಷ್ಟು ಎತ್ತರಕ್ಕೆ ಸರಿಸಿ ಬಿಟ್ಟರೆ ಅಲ್ಲಿಯೇ ನಿಲ್ಲುತ್ತದೆ. 18ನೆಯ ಶತಮಾನದಲ್ಲಿ ಒಂದೊಂದು ಚೌಕಟ್ಟಿಗೂ ಆರಾರು ಚಿಕ್ಕ ಗಾಜುಗಳು, ಅವುಗಳ ನಡುವೆ ತೆಳ್ಳನೆಯ ಮರದ ಪಟ್ಟಿಗಳು. ಗಾಜು ಅಗ್ಗವಾಗಿ, ಅಗಲವಾಗಿ ಸಿಗತೊಡಗಿದಂತೆ ಆರು ಹೋಗಿ ಎರಡಾಯಿತು, ಕೊನೆಗೆ ಒಂದೇ ಆಯಿತು. ಆದರೆ ದೊಡ್ಡ ಗಾಜು ಭಾರ. ನಡುವಿನ ಪಟ್ಟಿಗಳು ಇಲ್ಲವಾದ ಮೇಲೆ ಚೌಕಟ್ಟಿನ ಮೂಲೆಗಳು ಸಡಿಲಗೊಳ್ಳತೊಡಗಿದವು. ಆಗ ಬಡಗಿಗಳು ಮೇಲಿನ ಚೌಕಟ್ಟಿನ ಎರಡು ನಿಲುವುಗಳನ್ನು ಕೆಳಗಿನ ಕೀಲಿಗಿಂತ ಕೊಂಚ ಮುಂದಕ್ಕೆ ಚಾಚಿಸಿ, ಆ ತುದಿಯನ್ನು ಚೆಂದವಾಗಿ ಬಾಗಿಸಿ ಕೊರೆದರು. ಕಿಟಕಿಯ ನಡುಮಟ್ಟದಲ್ಲಿ ಎರಡು ಕಡೆ ಇಳಿಬಿದ್ದ ಈ ಪುಟ್ಟ ಕೊಂಬುಗಳು ಕಂಡರೆ ಆ ಕಿಟಕಿ ಬಹುತೇಕ ವಿಕ್ಟೋರಿಯಾ ಕಾಲದ್ದು ಅಥವಾ ಅದರ ಈಚಿನದು. ಮನೆಯ ವಯಸ್ಸನ್ನು ಅಂದಾಜು ಮಾಡಲು ಇದಕ್ಕಿಂತ ಸುಲಭದ ಗುರುತು ನನಗೆ ತಿಳಿದಂತೆ ಇನ್ನೊಂದಿಲ್ಲ. 1860ರ ದಶಕದ ಮೇಲೆ ಬೀದಿಯ ಕಡೆಗೆ ಮುಂಚಾಚಿದ ಬೇ ಕಿಟಕಿಗಳು ಎಲ್ಲೆಡೆ ಕಾಣಿಸಿಕೊಂಡದ್ದಕ್ಕೂ ಅಗ್ಗದ ಗಾಜೇ ಬೆಂಬಲ.

ಚಾವಣಿಯ ಕಥೆಯನ್ನು ರೈಲು ಬರೆಯಿತು. ವೇಲ್ಸ್‌ನ ಪೆನ್ರಿನ್ ಮುಂತಾದ ಗಣಿಗಳಿಂದ ಬರುತ್ತಿದ್ದ ಬೂದುನೀಲಿ ಸ್ಲೇಟು ತೆಳುವಾಗಿ ಸೀಳುತ್ತದೆ, ಹಗುರ, ಕಡಿಮೆ ಇಳಿಜಾರಿನಲ್ಲಿಯೂ ನೀರು ನಿಲ್ಲಗೊಡುವುದಿಲ್ಲ. ಕರಾವಳಿಯ ಹಡಗು ಸಾಗಣೆಯ ಮೇಲಿದ್ದ ಸ್ಲೇಟು ಸುಂಕ 1831ರಲ್ಲಿ ರದ್ದಾಗಿತ್ತು; ರೈಲುಗಳು ಹರಡಿದ ಮೇಲೆ ಅದು ಮೂಲೆಮೂಲೆಗೂ ತಲುಪಿ, ಊರೂರಿನ ಹೆಂಚು, ಹುಲ್ಲು, ಸ್ಥಳೀಯ ಕಲ್ಲುಗಳನ್ನು ಹಿಂದಕ್ಕೆ ತಳ್ಳಿತು. ಹಾಗೆಯೇ ಕಾರ್ಖಾನೆಯಲ್ಲಿ ಎರಕ ಹೊಯ್ದ ಟೆರಾಕೋಟ ಹೂಬಳ್ಳಿ, ಮಿಂಟನ್ ಕಂಪನಿಯ ಬಣ್ಣದ ನೆಲಹಾಸು ಬಿಲ್ಲೆ, ಬೀಡುಕಬ್ಬಿಣದ ಕಟಾಂಜನಗಳನ್ನು ಕ್ಯಾಟಲಾಗ್ ನೋಡಿ ತರಿಸಿಕೊಳ್ಳಬಹುದಾಗಿತ್ತು. ವೆನಿಸ್ ನಗರದ ಮಧ್ಯಯುಗದ ಶಿಲ್ಪವನ್ನು ಹಾಡಿ ಹೊಗಳಿದ್ದ ಕಲಾವಿಮರ್ಶಕ ಜಾನ್ ರಸ್ಕಿನ್, ತನ್ನ ಬರಹದ ಪ್ರಭಾವದಿಂದ ದಕ್ಷಿಣ ಲಂಡನ್ನಿನ ಅಗ್ಗದ ಮನೆಗಳೂ ಹೆಂಡದಂಗಡಿಗಳೂ ನಕಲಿ ವೆನಿಸ್ ಕಂಬಗಳಿಂದ ತುಂಬಿಹೋದದ್ದನ್ನು ಕಂಡು, ತಾನೇ ಹುಟ್ಟಿಸಿದ ಭೂತಗಳ ನಡುವೆ ಬಾಳಲಾರೆನೆಂಬಂತೆ 1872ರಲ್ಲಿ ಪತ್ರಿಕೆಯೊಂದಕ್ಕೆ ಬರೆದು ಗೋಳಾಡಿದ್ದಾನೆ.

ಮುಂಬದಿಯ ಈ ವೈಭವ ಹಿತ್ತಿಲಿಗೆ ಹೋದರೆ ಮಾಯವಾಗುತ್ತದೆ. ಮುಂದೆ ರಾಣಿ ಆ್ಯನ್, ಹಿಂದೆ ಮೇರಿ ಆ್ಯನ್ ಎಂಬುದು ಆ ಕಾಲದ ಇಂಗ್ಲಿಷರ ಕುಹಕದ ಮಾತು. ಮೇರಿ ಆ್ಯನ್ ಎಂದರೆ ಮನೆಗೆಲಸದ ಹುಡುಗಿಗೆ ಇರುತ್ತಿದ್ದ ಸಾಮಾನ್ಯ ಹೆಸರು. ಹಿಂಭಾಗದಲ್ಲಿ ಒರಟು ಇಟ್ಟಿಗೆ, ಅಲಂಕಾರವಿಲ್ಲದ ಕಿಟಕಿ, ಗೋಡೆಯ ಮೇಲೆ ಹರಿದಾಡುವ ಕೊಳವೆಗಳು. ಮುಖ್ಯ ಮನೆಯಷ್ಟು ಅಗಲವಿಲ್ಲದ ರೆಕ್ಕೆಯೊಂದು ಹಿತ್ತಿಲಿಗೆ ಚಾಚಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ಬಿಟ್ಟ ಕಿರಿದಾದ ಓಣಿಯಿಂದಲೇ ನಡುಕೋಣೆಗೆ ಬೆಳಕು ಬರಬೇಕು. ರೆಕ್ಕೆಯ ಕೆಳಭಾಗದಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಕುದಿಸುವ ಹಂಡೆಯ ಕೋಣೆ, ಮೇಲೆ ಇನ್ನೊಂದು ಮಲಗುವ ಕೋಣೆ, ತುದಿಯಲ್ಲಿ ಕಕ್ಕಸು. ಶ್ರೀಮಂತರ ನಾಲ್ಕೈದು ಅಂತಸ್ತಿನ ಮನೆಗಳಲ್ಲಿ ಅಡುಗೆಮನೆ ನೆಲಮಾಳಿಗೆಯಲ್ಲಿ, ಅತಿಥಿಗಳ ದಿವಾನಖಾನೆ ಮೊದಲ ಮಹಡಿಯಲ್ಲಿ, ಆಳುಕಾಳುಗಳ ಹಾಸಿಗೆ ಅಟ್ಟದಲ್ಲಿ. ಅಂತಸ್ತಿನ ಈ ಲೆಕ್ಕವನ್ನು ಹೊರಗಿನಿಂದ ಕಿಟಕಿಯ ಎತ್ತರದಲ್ಲಿಯೇ ಅಳೆಯಬಹುದು: ಮೊದಲ ಮಹಡಿಯವು ಎಲ್ಲಕ್ಕಿಂತ ಎತ್ತರ, ಮೇಲೆ ಹೋದಂತೆ ಗಿಡ್ಡ. ಕಾಲುದಾರಿಯಲ್ಲಿ ಹುದುಗಿಸಿದ ತಟ್ಟೆಯಗಲದ ಕಬ್ಬಿಣದ ಮುಚ್ಚಳ ತೆರೆದು ಕಲ್ಲಿದ್ದಲನ್ನು ನೇರವಾಗಿ ನೆಲದಡಿಯ ಉಗ್ರಾಣಕ್ಕೆ ಸುರಿಯುತ್ತಿದ್ದರು. ಅಲ್ಲಿಂದ ಅದನ್ನು ಬಕೆಟ್ಟಿನಲ್ಲಿ ನಾಲ್ಕು ಮಹಡಿ ಹೊತ್ತು ಹತ್ತುವುದು ಮೇರಿ ಆ್ಯನ್‌ಳ ಪಾಲಿಗೆ.

ಕೂಲಿಕಾರರ ಸಾಲುಮನೆಗಳ ಇತಿಹಾಸ ಬೇರೆ ದಾರಿ ಹಿಡಿಯುತ್ತದೆ, ಇಲ್ಲಿ ಕಾನೂನಿನದೇ ದೊಡ್ಡ ಪಾತ್ರ. ಲೀಡ್ಸ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ಗಳಲ್ಲಿ ಗಿರಣಿಗಳು ಬಂದಾಗ ಜಾಗ ಉಳಿಸಲು ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳನ್ನು ಕಟ್ಟಿದರು. ಹಿಂಗೋಡೆಯನ್ನೂ ಪಕ್ಕದ ಗೋಡೆಗಳನ್ನೂ ಬೇರೆಯವರೊಂದಿಗೆ ಹಂಚಿಕೊಂಡ ಇಂಥ ಮನೆಗೆ ಕಿಟಕಿ ಇರುವುದು ಮುಂದೆ ಮಾತ್ರ. ಗಾಳಿ ಅಡ್ಡ ಹಾಯುವಂತಿಲ್ಲ, ಹಿತ್ತಿಲಿಲ್ಲ, ಹಲವು ಮನೆಗಳಿಗೆ ಸೇರಿ ಒಂದು ಅಂಗಳ, ಒಂದು ನಲ್ಲಿ, ಒಂದೆರಡು ಕಕ್ಕಸು. 1831ರಿಂದ 1866ರವರೆಗೆ ನಾಲ್ಕು ಬಾರಿ ಕಾಲರಾ ಬ್ರಿಟನ್ನಿಗೆ ಅಪ್ಪಳಿಸಿತು. ಎಡ್ವಿನ್ ಚಾಡ್ವಿಕ್ 1842ರಲ್ಲಿ ದುಡಿಯುವ ಜನರ ನೈರ್ಮಲ್ಯದ ಸ್ಥಿತಿಯ ಬಗ್ಗೆ ಕೊಟ್ಟ ವರದಿ, 1848ರ ಸಾರ್ವಜನಿಕ ಆರೋಗ್ಯ ಕಾಯ್ದೆ, ಕೊನೆಗೆ 1875ರ ಕಾಯ್ದೆ ಹೀಗೆ ಹೆಜ್ಜೆಹೆಜ್ಜೆಯಾಗಿ ನಿಯಮಗಳು ಬಿಗಿಯಾದವು. 1875ರ ಕಾಯ್ದೆಯಡಿ ನಗರಸಭೆಗಳು ಬೈಲಾ ಮಾಡಬಹುದಾಗಿತ್ತು. 1877ರಲ್ಲಿ ಸರ್ಕಾರ ಅದಕ್ಕೊಂದು ಮಾದರಿಯನ್ನೂ ಅಚ್ಚು ಹಾಕಿಸಿತು. ಅದರಂತೆ ಗಾಡಿ ಓಡಾಡುವ ಹೊಸ ಬೀದಿ ಕನಿಷ್ಠ 36 ಅಡಿ ಅಗಲವಿರಬೇಕು, ಪ್ರತಿ ಮನೆಯ ಹಿಂದೆ ಆ ಮನೆಗೇ ಸೇರಿದ 150 ಚದರ ಅಡಿಯಾದರೂ ಬಯಲು ಇರಬೇಕು, ಗೋಡೆಯ ಬುಡದಲ್ಲಿ ತೇವ ಏರದಂತೆ ತಡೆಪದರ ಇರಬೇಕು.

ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ಗುಡ್ಡ ಹತ್ತಿ ಇಳಿಯುವ ಒಂದೇ ಬಗೆಯ ಬೀದಿಗಳು, ಪ್ರತಿ ಮನೆಗೂ ಪುಟ್ಟ ಹಿಂದಂಗಳ, ಅದರಾಚೆ ಹಿಂಬದಿಯ ಓಣಿ: ಇವೆಲ್ಲ ಬೈಲಾದ ನೇರ ಕೂಸುಗಳು. ಬೈಲಾ ಕನಿಷ್ಠವೆಂದು ಹೇಳಿದ ಅಳತೆಯನ್ನೇ ಬಿಲ್ಡರ್ ಗರಿಷ್ಠವೆಂದು ಹಿಡಿದ. ಆದ್ದರಿಂದಲೇ ಈ ಏಕತಾನ. ಹಸಿರಿನ ನಡುವೆ ವಿರಳವಾಗಿ ಮನೆ ಕಟ್ಟಬೇಕೆಂದ ನಂತರದ ಉದ್ಯಾನನಗರಿ ವಾದಿಗಳು ಇದನ್ನು ಹಳಿದರು. ಕೆಳಗೆರಡು ಮೇಲೆರಡು ಕೋಣೆಗಳ, ಸ್ವಂತ ಕಕ್ಕಸಿನ, ಹಿಂದೆಮುಂದೆ ಗಾಳಿಯಾಡುವ ಮನೆ ಸಿಕ್ಕ ಗಿರಣಿ ಕಾರ್ಮಿಕಳು ಆ ಏಕತಾನದ ಬಗ್ಗೆ ದೂರುತ್ತಿದ್ದಳೆಂದು ನನಗನ್ನಿಸುವುದಿಲ್ಲ. ಹಿಂಬದಿಯ ಓಣಿ ಇದ್ದದ್ದು ಬಹುಮಟ್ಟಿಗೆ ಮಲದ ಗಾಡಿಗಾಗಿ: ಒಳಚರಂಡಿ ಬರುವ ಮುನ್ನ ಕಕ್ಕಸಿನ ಗುಂಡಿಯನ್ನು ರಾತ್ರಿ ಹೊತ್ತು ಹಿಂದಿನಿಂದಲೇ ಬಳಿದು ಒಯ್ಯಬೇಕಿತ್ತು.

ಊರಿಂದೂರಿಗೆ ವ್ಯತ್ಯಾಸವೂ ಇತ್ತು. ಮ್ಯಾಂಚೆಸ್ಟರ್ 1844ರಲ್ಲಿಯೇ ಬೆನ್ನುಬೆನ್ನಿನ ಮನೆಗಳಿಗೆ ತಡೆಯೊಡ್ಡಿತು. ಲೀಡ್ಸ್ ಮಾತ್ರ ಹಟ ಬಿಡಲಿಲ್ಲ: 1866ರ ಸ್ಥಳೀಯ ಕಾಯ್ದೆಯಂತೆ ಎಂಟೆಂಟು ಮನೆಗಳ ಗುಂಪುಗಳ ನಡುವೆ ಕಕ್ಕಸುಗಳಿಗೆ ಜಾಗ ಬಿಟ್ಟು ಕಟ್ಟುತ್ತಲೇ ಹೋಯಿತು, 1909ರಲ್ಲಿ ದೇಶವ್ಯಾಪಿ ನಿಷೇಧ ಬಂದ ಮೇಲೂ, ಮೊದಲೇ ಒಪ್ಪಿಗೆ ಪಡೆದವುಗಳ ಹೆಸರಿನಲ್ಲಿ, 1937ರವರೆಗೆ. ನ್ಯೂಕ್ಯಾಸಲ್ ಸುತ್ತಮುತ್ತ ಎರಡಂತಸ್ತಿನ ಸಾಲುಗಳಲ್ಲಿ ಮೇಲೊಂದು ಕೆಳಗೊಂದು ಸಂಸಾರ, ಇಬ್ಬರಿಗೂ ಬೀದಿಗೇ ತೆರೆಯುವ ಪ್ರತ್ಯೇಕ ಬಾಗಿಲು. ಬರ್ಮಿಂಗ್‌ಹ್ಯಾಮ್‌ನಲ್ಲಿ ಉಳಿದ ಬೆನ್ನುಬೆನ್ನಿನ ಅಂಗಳವೊಂದನ್ನು ಪರಂಪರೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 2004ರಿಂದ ಸಾರ್ವಜನಿಕರಿಗೆ ತೋರಿಸುತ್ತಿದೆ.

ಕಾನೂನು ಬರುವ ಮುನ್ನವೇ ಒಬ್ಬ ಮಾಲೀಕ ಏನು ಮಾಡಬಹುದಿತ್ತು ಎಂಬುದಕ್ಕೆ ಬ್ರಾಡ್‌ಫರ್ಡ್ ಬಳಿಯ ಸಾಲ್ಟೇರ್ ಸಾಕ್ಷಿ. ಅಲ್ಪಾಕಾ ಉಣ್ಣೆಯ ಬಟ್ಟೆಯಿಂದ ಸಿರಿವಂತನಾದ ಟೈಟಸ್ ಸಾಲ್ಟ್, ಹೊಗೆ ಮತ್ತು ಕಾಲರಾದಿಂದ ತತ್ತರಿಸಿದ್ದ ಬ್ರಾಡ್‌ಫರ್ಡನ್ನು ಬಿಟ್ಟು ಏರ್ ನದಿಯ ದಂಡೆಯಲ್ಲಿ 1853ರಲ್ಲಿ ಹೊಸ ಗಿರಣಿ ಆರಂಭಿಸಿದ. ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳು ಗಿರಣಿಯ ಜೊತೆಗೆ ಎಂಟುನೂರಕ್ಕೂ ಹೆಚ್ಚು ಕಲ್ಲಿನ ಸಾಲುಮನೆಗಳನ್ನೂ ವಿನ್ಯಾಸಗೊಳಿಸಿದರು. ಪ್ರತಿ ಮನೆಗೆ ನೀರು, ಅನಿಲ ದೀಪ, ಹಿಂದೆ ಸ್ವಂತ ಅಂಗಳ, ಕಕ್ಕಸು. ಬೀದಿಗಳಿಗೆ ತನ್ನ, ಹೆಂಡತಿಯ, ಮಕ್ಕಳ ಹೆಸರುಗಳನ್ನೇ ಇಟ್ಟ. ಸಾಲಿನ ತುದಿಯಲ್ಲಿ ಎತ್ತರಕ್ಕೆ ಎದ್ದ ದೊಡ್ಡ ಮನೆಗಳು ಮೇಲ್ವಿಚಾರಕರವು. ಗಿರಣಿಯೊಳಗಿನ ಶ್ರೇಣಿ ಬೀದಿಯ ಮೇಲೂ ಹಾಗೆಯೇ ಇಳಿದಿತ್ತು. ಊರಲ್ಲಿ ಹೆಂಡದಂಗಡಿಗೆ ಅವಕಾಶವಿರಲಿಲ್ಲ, ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರನ್ನು ಕೇವಲ ಧರ್ಮಬುದ್ಧಿಯ ಕುರುಹೆಂದು ಓದುವುದೂ ಕೇವಲ ಹತೋಟಿಯ ಹೂಟವೆಂದು ಓದುವುದೂ ಅರ್ಧ ಸತ್ಯವೇ ಆದೀತು.

20ನೆಯ ಶತಮಾನ ಈ ಮನೆಗಳಿಗೆ ಒಳ್ಳೆಯದಾಗಿರಲಿಲ್ಲ. ಮೊದಲ ಮಹಾಯುದ್ಧದ ನಡುವೆ, ಗ್ಲಾಸ್ಗೊದ ಬಾಡಿಗೆ ಮುಷ್ಕರದ ಬಳಿಕ, 1915ರಲ್ಲಿ ಬಾಡಿಗೆಯ ಮೇಲೆ ಮಿತಿ ಹೇರಲಾಯಿತು. ಬಾಡಿಗೆದಾರರಿಗೆ ಅದು ನೆರವಾಯಿತು. ಮಾಲೀಕರು ಮಾತ್ರ ದುರಸ್ತಿಗೆ ಹಣ ಹಾಕುವುದನ್ನು ಬಿಟ್ಟರು. ಅಷ್ಟರಲ್ಲಿ ಎರಡನೆಯ ಯುದ್ಧದ ಬಾಂಬ್ ದಾಳಿ. 1950ರ ದಶಕದ ನಡುವಿನಿಂದ ಎರಡು ದಶಕಗಳ ಕಾಲ ಕೊಳೆಗೇರಿ ತೆರವಿನ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಳೆಯ ಮನೆಗಳು ನೆಲಸಮವಾಗಿ, ಅನೇಕ ಕಡೆ ಕಾಂಕ್ರೀಟ್ ಗೋಪುರಗಳೆದ್ದವು. 1968ರಲ್ಲಿ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಗೋಪುರದ ಒಂದು ಮೂಲೆ ಅನಿಲ ಸ್ಫೋಟದಿಂದ ಮೇಲಿನಿಂದ ಕೆಳಗಿನವರೆಗೆ ಕುಸಿದ ಮೇಲೆ ಜನಾಭಿಪ್ರಾಯ ತಿರುಗಿತು. 1967ರ ಎರಡು ಕಾಯ್ದೆಗಳಲ್ಲಿ ಒಂದು, ಇಡೀ ಬೀದಿಯನ್ನೇ ಸಂರಕ್ಷಿತ ಪ್ರದೇಶವೆಂದು ಘೋಷಿಸಲು ದಾರಿ ಮಾಡಿತ್ತು, ಇನ್ನೊಂದು ದೀರ್ಘಾವಧಿ ಗುತ್ತಿಗೆದಾರರಿಗೆ ನೆಲವನ್ನೇ ಕೊಂಡುಕೊಳ್ಳುವ ಹಕ್ಕು ಕೊಟ್ಟಿತ್ತು. 1969ರ ವಸತಿ ಕಾಯ್ದೆ ಕೆಡವುವ ಬದಲು ಸುಧಾರಿಸಲು ನೆರವಿನ ಹಣ ಒದಗಿಸಿತು.

ಆದರೂ ಕೆಡವುವ ಹುಮ್ಮಸ್ಸು ಪೂರ್ತಿ ಆರಿರಲಿಲ್ಲ. 2002ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯೊಂದು ಉತ್ತರದ ನಗರಗಳ ಸಾಲುಗಳನ್ನು ಬೇಡಿಕೆಯಿಲ್ಲದ ಮನೆಗಳೆಂದು ಪಟ್ಟಿ ಮಾಡಿತು. ಲಿವರ್‌ಪೂಲ್‌ನ ವೆಲ್ಶ್ ಬೀದಿಗಳು ಅದರಲ್ಲಿ ಸೇರಿದ್ದವು. ವೇಲ್ಸ್‌ನಿಂದ ಬಂದ ಬಿಲ್ಡರ್‌ಗಳು ಕಟ್ಟಿ, ವೇಲ್ಸ್‌ನ ಊರುಗಳ ಹೆಸರಿಟ್ಟ ಬೀದಿಗಳವು. ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಹುಟ್ಟಿದ ಮ್ಯಾಡ್ರಿನ್ ಸ್ಟ್ರೀಟ್‌ನ ಮನೆಯೂ ಅಲ್ಲಿಯೇ ಇದೆ. ಜನರನ್ನು ತೆರವುಗೊಳಿಸಿ ಕಿಟಕಿಗಳಿಗೆ ತಗಡು ಬಡಿದು ವರ್ಷಗಟ್ಟಲೆ ಬಿಟ್ಟ ಮೇಲೆ, 2015ರಲ್ಲಿ ಕೇಂದ್ರ ಸರ್ಕಾರ ಕೆಡವಲು ಅನುಮತಿ ನಿರಾಕರಿಸಿತು. ನಂತರ ಹಲವನ್ನು ನವೀಕರಿಸಿ, ಕೆಲವೆಡೆ ಎರಡು ಮನೆಗಳ ನಡುಗೋಡೆ ಒಡೆದು ಒಂದಾಗಿಸಿ, ಬಾಡಿಗೆಗೆ ಕೊಡಲಾಯಿತು. ಹತ್ತಿರದ ಗ್ರ್ಯಾನ್‌ಬಿ ಬೀದಿಗಳಲ್ಲಿ ನಿವಾಸಿಗಳೊಂದಿಗೆ ಸೇರಿ ಮನೆಗಳನ್ನು ಉಳಿಸಿದ ಅಸೆಂಬಲ್ ಎಂಬ ತಂಡಕ್ಕೆ ಅದೇ ವರ್ಷ, ಕಲಾವಿದರಿಗೆ ಮೀಸಲಾದ ಟರ್ನರ್ ಪ್ರಶಸ್ತಿ ಬಂತು.

ಇಂಗ್ಲೆಂಡಿನ ಮನೆಗಳಲ್ಲಿ ಇಂದಿಗೂ ಸುಮಾರು ಐದರಲ್ಲೊಂದು 1919ಕ್ಕಿಂತ ಹಿಂದಿನದು; ಓದಲು ಅಥವಾ ಕೆಲಸಕ್ಕೆಂದು ಅಲ್ಲಿಗೆ ಹೋದ ಕನ್ನಡಿಗರಲ್ಲಿ ಅನೇಕರು ಮೊದಲು ಬಾಡಿಗೆ ಹಿಡಿಯುವುದು ಇಂಥ ಮನೆಯಲ್ಲಿ ಒಂದು ಕೋಣೆಯನ್ನೋ ಒಂದು ಮಹಡಿಯನ್ನೋ. ಚಳಿಗಾಲ ಬಂದೊಡನೆ ಗೋಡೆಯ ಮೂಲೆಯಲ್ಲಿ ಕರಿಯ ಬೂಷ್ಟು ಮೂಡುವುದಕ್ಕೂ ಈ ಇತಿಹಾಸಕ್ಕೂ ಸಂಬಂಧವಿದೆ. ಒಂಬತ್ತು ಅಂಗುಲದ ಗಟ್ಟಿ ಗೋಡೆಗೆ ನಡುವೆ ಟೊಳ್ಳಿಲ್ಲ. ಮಳೆಗೆ ಅದು ನೀರು ಕುಡಿಯುತ್ತದೆ, ಒಣಗಾಳಿಗೆ ಸುಣ್ಣದ ಗಾರೆಯ ಸಂದಿಗಳ ಮೂಲಕ ಬಿಟ್ಟುಕೊಡುತ್ತದೆ. ಒಳಗೆ ಸದಾ ಉರಿಯುವ ಒಲೆಗಳು ಚಿಮಣಿಯ ಮೂಲಕ ತೇವದ ಗಾಳಿಯನ್ನು ಎಳೆದು ಹೊರಹಾಕುತ್ತಿದ್ದವು. ನಂತರ ಬಂದವರು ಒಲೆಗೂಡು ಮುಚ್ಚಿದರು, ಗಾಳಿ ನುಸುಳುವ ಸ್ಯಾಶ್ ತೆಗೆದು ಪ್ಲಾಸ್ಟಿಕ್ ಚೌಕಟ್ಟಿನ ಜೋಡಿಗಾಜು ಹಾಕಿದರು, ಸುಣ್ಣದ ಸಂದಿಗಳಿಗೆ ಸಿಮೆಂಟು ಮೆತ್ತಿದರು, ಮರದ ನೆಲದ ಕೆಳಗೆ ಗಾಳಿ ಹೋಗಲೆಂದು ಗೋಡೆಯ ಬುಡದಲ್ಲಿ ಇಟ್ಟಿದ್ದ ತೂತಿನ ಇಟ್ಟಿಗೆಗಳನ್ನೂ ಮುಚ್ಚಿದರು. ಈಗ ಅನ್ನ ಬೇಯಿಸಿದ, ಬಟ್ಟೆ ಒಣಗಿಸಿದ ಹಬೆಗೆ ಹೋಗಲು ದಾರಿಯಿಲ್ಲ. ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಹೊರಗಿನಿಂದ ಉಷ್ಣನಿರೋಧಕ ಹೊದಿಕೆ ಹಾಕಿದರೆ ಇಟ್ಟಿಗೆ, ಕಲ್ಲಿನ ಅಲಂಕಾರ ಎಲ್ಲವೂ ಮುಚ್ಚಿಹೋಗುತ್ತವೆ, ಸಂರಕ್ಷಿತ ಬೀದಿಗಳಲ್ಲಿ ಅದಕ್ಕೆ ಅನುಮತಿಯೂ ಸುಲಭವಾಗಿ ಸಿಗದು. ಒಳಗಿನಿಂದ ಹಾಕಿದರೆ ಕಿರಿದಾದ ಕೋಣೆ ಇನ್ನಷ್ಟು ಕಿರಿದಾಗಿ, ಜಂತೆಗಳ ತುದಿಗಳು ತಣ್ಣನೆಯ ಗೋಡೆಯೊಳಗೆ ಕೊಳೆಯುವ ಭಯ. ಹಾಗಾಗಿ ಈಗ ಮುಂಗೋಡೆಯನ್ನು ಹಾಗೆಯೇ ಬಿಟ್ಟು, ಯಾರೂ ನೋಡದ ಹಿಂಗೋಡೆಗೂ ಹಿತ್ತಿಲ ರೆಕ್ಕೆಗೂ ಮಾತ್ರ ಹೊರಗಿನಿಂದ ಹೊದಿಕೆ ತೊಡಿಸುವ ಮಧ್ಯದ ದಾರಿಯನ್ನು ಕೆಲವರು ಹಿಡಿದಿದ್ದಾರೆ.